ಮಳೆ ಹೇಳಿದ ದಿನಕ್ಕೆ ಹೂ ನಡಿಗೆ: ಕಾಫಿ ಸೀಮೆಯಲ್ಲಿ ಮಕ್ಕಳಿಗಾಗಿ ವಸಂತ ಕೂಟ ನಡೆಸುವ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನ ಕಾಫಿ ಸೀಮೆಗೆ ವಸಂತ ಬರುವುದು ಪಂಚಾಂಗ ನೋಡಿಕೊಂಡಲ್ಲ, ಮಳೆ ನೋಡಿಕೊಂಡು. ಯುಗಾದಿಯ ಬೇವು-ಬೆಲ್ಲಕ್ಕೂ ರಾಮನವಮಿಯ ಪಾನಕಕ್ಕೂ ದಿನ ಗೊತ್ತಾಗಿರುತ್ತದೆ. ಆದರೆ ತೋಟ ಯಾವ ಬೆಳಿಗ್ಗೆ ಬೆಳ್ಳಗೆ ಅರಳಿ ನಿಲ್ಲುತ್ತದೆ ಎಂಬುದು ಬೇಸಿಗೆಯ ಆರಂಭದಲ್ಲಿ ಎಂದೋ ಒಂದು ಸಂಜೆ ಬೀಳುವ ಹೂ ಮಳೆಯ ಕೈಯಲ್ಲಿದೆ. ಊರಿನ ಕುಟುಂಬಗಳೂ ಶಾಲೆಯ ಮಕ್ಕಳೂ ಸೇರಿ ಆ ಹೂವನ್ನು ನೋಡುವ ಒಂದು ಬೆಳಗಿನ ಕೂಟವನ್ನು ನಡೆಸುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಮೊದಲ ಸಲ ನಾವು ಇದನ್ನು ಮಾಡಹೊರಟಾಗ ಮಾರ್ಚ್ ತಿಂಗಳ ಒಂದು ಭಾನುವಾರವನ್ನು ಗೊತ್ತುಮಾಡಿ ಕರಪತ್ರವನ್ನೂ ಅಚ್ಚು ಹಾಕಿಸಿದ್ದೆವು. ಮಳೆ ಬರಲಿಲ್ಲ. ನಲವತ್ತು ಮಕ್ಕಳು ಬಂದು ಧೂಳು ಹಿಡಿದ ಹಸಿರು ಗಿಡಗಳನ್ನು ನೋಡಿ, ಉಪ್ಪಿಟ್ಟು ತಿಂದು ಮನೆಗೆ ಹೋದರು. ದಿನಾಂಕವನ್ನು ಮೊದಲು ಅಚ್ಚು ಹಾಕಿಸಬಾರದು ಎಂಬ ಪಾಠ ಅಲ್ಲಿಂದ ಬಂದದ್ದು. ಈ ಮಾರ್ಗದರ್ಶಿಯ ಉಳಿದ ವ್ಯವಸ್ಥೆಯೆಲ್ಲ ಆ ಒಂದು ಮಾತಿನ ಸುತ್ತ ಕಟ್ಟಿದ್ದು.

ಹೂವಿನ ಲೆಕ್ಕ

ಕಾಫಿ ಗಿಡದ ಮೊಗ್ಗು ಚಳಿಗಾಲದಲ್ಲೇ ಗೆಣ್ಣುಗಳಲ್ಲಿ ಕೂತಿರುತ್ತದೆ. ಒಣಹವೆಯಲ್ಲಿ ಅದು ನಿದ್ರಿಸುತ್ತಿರುತ್ತದೆ. ನೀರು ಸಿಕ್ಕಿದೊಡನೆ ಎಚ್ಚೆತ್ತು ಉದ್ದವಾಗುತ್ತ, ಸಣ್ಣ ಮೇಣದಬತ್ತಿಯಂತೆ ಬೆಳ್ಳಗೆ ನಿಂತು, ಒಂದು ಬೆಳಗಿನ ಜಾವ ಅರಳುತ್ತದೆ. ಮಳೆ ಬಿದ್ದ ದಿನದಿಂದ ಎಣಿಸಿದರೆ, ಇಲ್ಲಿ ಬೆಳೆಯುವ ಎರಡು ಬಗೆಯ ಕಾಫಿಯಲ್ಲಿ ರೋಬಸ್ಟಾ ಸುಮಾರು ಏಳು-ಎಂಟು ದಿನಕ್ಕೆ, ಅರೇಬಿಕಾ ಒಂಬತ್ತು-ಹತ್ತು ದಿನಕ್ಕೆ ಹೂವಾಗುತ್ತದೆ. ಬಿಸಿಲು ಮೋಡಗಳನ್ನು ಅನುಸರಿಸಿ ಇದು ಒಂದು ದಿನ ಹಿಂದೆ ಮುಂದೆ ಆಗಬಹುದು. ಅರಳಿದ ಮೊದಲ ದಿನದ ಬಿಳುಪು ಎರಡನೆಯ ದಿನಕ್ಕೆ ತುಸು ಮಾಸುತ್ತದೆ. ಮೂರು ನಾಲ್ಕನೆಯ ದಿನಕ್ಕೆ ಹೂವು ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅಂದರೆ ಮಳೆ ನಿಮಗೆ ಒಂದು ವಾರದ ಮುನ್ಸೂಚನೆ ಕೊಡುತ್ತದೆ, ಆಮೇಲೆ ಎರಡು ದಿನದ ಅವಕಾಶ ಕೊಡುತ್ತದೆ. ಸಿದ್ಧತೆ ಮೊದಲೇ ಮುಗಿದಿದ್ದರೆ ಇಷ್ಟು ಸಮಯ ಧಾರಾಳವಾಗಿ ಸಾಕು.

ಇನ್ನೊಂದು ಅನುಕೂಲವೂ ಇದೆ. ಮೂಡಿಗೆರೆಯ ಕಡೆ ರೋಬಸ್ಟಾ ಬೆಳೆಯುವ ಹಲವು ತೋಟಗಳಲ್ಲಿ ಕೆರೆಯಲ್ಲೋ ಹಳ್ಳದಲ್ಲೋ ನೀರಿದ್ದವರು ಮಳೆಗಾಗಿ ಕಾಯದೆ ಫೆಬ್ರವರಿ-ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕಿ ಹೂ ಬರಿಸುತ್ತಾರೆ. ಸ್ಪ್ರಿಂಕ್ಲರ್ ತಿರುಗಿದ ದಿನವನ್ನು ಕೇಳಿ ತಿಳಿದುಕೊಂಡರೆ ಹೂವಿನ ದಿನವನ್ನು ಬಹುಮಟ್ಟಿಗೆ ನಿಖರವಾಗಿ ಹೇಳಬಹುದು. ಬಾಬಾ ಬುಡನ್‌ಗಿರಿಯ ಇಳಿಜಾರಿನ ಅರೇಬಿಕಾ ತೋಟಗಳಲ್ಲಿ ಹೆಚ್ಚಾಗಿ ಆಕಾಶವನ್ನೇ ನಂಬಬೇಕಾಗುತ್ತದೆ. ಮೊದಲ ವರ್ಷ ಕೂಟ ನಡೆಸುವವರು ನೀರು ಹಾಯಿಸುವ ರೋಬಸ್ಟಾ ತೋಟವನ್ನೇ ಆರಿಸಿಕೊಳ್ಳುವುದು ಒಳ್ಳೆಯದು. ಮಳೆಯ ಜೊತೆಗಿನ ಜೂಜನ್ನು ಎರಡನೆಯ ವರ್ಷಕ್ಕೆ ಇಟ್ಟುಕೊಳ್ಳಬಹುದು.

ಫೆಬ್ರವರಿ ಮೊದಲ ವಾರ: ತೋಟ, ಅನುಮತಿ, ಪಟ್ಟಿ

ಮೊದಲ ಹೆಜ್ಜೆ ತೋಟದ ಯಜಮಾನರನ್ನು ಕಂಡು ಮಾತನಾಡುವುದು. ಹೂವಿನ ಸಮಯದಲ್ಲಿ ಹೊರಗಿನವರು ಗಿಡಗಳ ಸಾಲಿನೊಳಗೆ ನುಗ್ಗುವುದನ್ನು ಯಾವ ಬೆಳೆಗಾರರೂ ಇಷ್ಟಪಡುವುದಿಲ್ಲ, ಮೈ ತಾಗಿ ಉದುರಿದ ಪ್ರತಿ ಹೂವೂ ಮುಂದಿನ ಹಣ್ಣೇ ಆಗಿರುತ್ತದೆ. ಆದ್ದರಿಂದ ಮಕ್ಕಳು ತೋಟದ ಗಾಡಿರಸ್ತೆಯಲ್ಲಿ ಮಾತ್ರ ನಡೆಯುತ್ತಾರೆ, ಹೂ ಕೀಳುವುದಿಲ್ಲ, ಕೊಂಬೆ ಬಗ್ಗಿಸುವುದಿಲ್ಲ ಎಂದು ನೀವೇ ಮೊದಲು ಹೇಳಿಬಿಡಿ. ಅನುಮತಿ ಸಿಕ್ಕ ಮೇಲೆ ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್ ಅವರ ಫೋನ್ ನಂಬರ್ ಪಡೆಯಿರಿ. ಮೊಗ್ಗು ಯಾವ ಹಂತದಲ್ಲಿದೆ, ಯಾವ ರಸ್ತೆಯ ಪಕ್ಕ ಹೂ ಚೆನ್ನಾಗಿದೆ, ಎಲ್ಲಿ ಹೆಜ್ಜೇನು ಕಟ್ಟಿದೆ ಎಂಬುದನ್ನು ಯಜಮಾನರಿಗಿಂತ ಸರಿಯಾಗಿ ಹೇಳಬಲ್ಲವರು ರೈಟರ್ ಮತ್ತು ಮೇಸ್ತ್ರಿ.

ಶಾಲೆಯ ಹೆಸರಿನಲ್ಲಿ ಹೊರಡುವುದಾದರೆ ಮುಖ್ಯ ಶಿಕ್ಷಕರ ಮತ್ತು ಎಸ್‌ಡಿಎಂಸಿಯ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ) ಒಪ್ಪಿಗೆ ಬೇಕು. ಇಲಾಖೆಯ ಅನುಮತಿಗಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಬರೆಯುವ ಪತ್ರವನ್ನು ಈಗಲೇ ಕೊಡಬೇಕು. ಆ ಪತ್ರದಲ್ಲಿ ಒಂದೇ ದಿನಾಂಕವನ್ನು ನಮೂದಿಸದೆ, ಇಂಥ ದಿನದಿಂದ ಇಂಥ ದಿನದೊಳಗೆ ಮಳೆಯನ್ನು ಅನುಸರಿಸಿ ಒಂದು ಬೆಳಿಗ್ಗೆ ಎಂದು ಬರೆದು, ಕಾರಣವನ್ನೂ ಎರಡು ಸಾಲಿನಲ್ಲಿ ವಿವರಿಸಿ. ಪೋಷಕರ ಒಪ್ಪಿಗೆ ಪತ್ರದಲ್ಲಿ ಮಗುವಿಗೆ ಜೇನು ಅಥವಾ ಕಣಜ ಕಚ್ಚಿದಾಗ ಹಿಂದೆ ಎಂದಾದರೂ ಮೈಯೆಲ್ಲ ಊತ, ಉಸಿರಾಟದ ತೊಂದರೆ ಆಗಿತ್ತೇ ಎಂಬ ಪ್ರಶ್ನೆ ಇರಲೇಬೇಕು. ದಮ್ಮಿನ ತೊಂದರೆ ಇರುವ ಮಕ್ಕಳ ಬಗ್ಗೆಯೂ ಕೇಳಿ.

ಪರೀಕ್ಷೆಯ ದಿನಗಳು ಈ ಕೂಟದ ದೊಡ್ಡ ಎದುರಾಳಿ. ಹೂವಿನ ಕಾಲ ಮತ್ತು ಎಸ್‌ಎಸ್‌ಎಲ್‌ಸಿ ಓದಿನ ಕಾಲ ಒಂದರ ಮೇಲೊಂದು ಬೀಳುತ್ತವೆ. ಬೇಸಿಗೆ ರಜೆ ಏಪ್ರಿಲ್ ಎರಡನೆಯ ವಾರದ ಹೊತ್ತಿಗೆ ಆರಂಭವಾಗುವಾಗ ಎಷ್ಟೋ ತೋಟಗಳ ಹೂ ಮುಗಿದಿರುತ್ತದೆ. ಇದಕ್ಕೆ ನಾವು ಕಂಡುಕೊಂಡ ಉಪಾಯ, ಕೂಟವನ್ನು ಇಡೀ ದಿನ ಎಳೆಯದೆ ಬೆಳಿಗ್ಗೆ ಆರೂವರೆಯಿಂದ ಹನ್ನೊಂದರವರೆಗೆ ಮಾತ್ರ ಇಟ್ಟುಕೊಳ್ಳುವುದು. ಮಧ್ಯಾಹ್ನಕ್ಕೆ ಮಗು ಮನೆಯಲ್ಲಿರುತ್ತದೆ ಎಂದರೆ ಓದಿನ ಚಿಂತೆಯ ತಾಯಂದಿರೂ ಒಪ್ಪುತ್ತಾರೆ.

ಊರಿನ ಹಿರಿಯರನ್ನೂ ಒಂದು ಮಾತು ಕೇಳಬೇಕು. ಮೂಡಿಗೆರೆ, ಸಕಲೇಶಪುರದ ಸುತ್ತಲಿನ ಹಳ್ಳಿಗಳಲ್ಲಿ ಸುಗ್ಗಿ ಹಬ್ಬ ನಡೆಯುವುದು ಇದೇ ಕಾಲದಲ್ಲಿ. ಸುಗ್ಗಿಗೆ ಸಾರು ಹಾಕಿದ, ಅಂದರೆ ಹಬ್ಬವನ್ನು ಊರಿಗೆ ಸಾರಿದ ಮೇಲೆ ಆ ಊರುಗಳಲ್ಲಿ ಇಂಥದ್ದು ಮಾಡಬಾರದು ಎಂಬ ಕಟ್ಟುಪಾಡುಗಳು ಜಾರಿಗೆ ಬರುತ್ತವೆ, ಅವು ಊರಿಂದೂರಿಗೆ ಬೇರೆ. ಕೇಳದೆ ಕೂಟ ಇಟ್ಟುಕೊಂಡು ಆ ದಿನ ಒಲೆ ಹಚ್ಚುವ ಜಾಗದ ಬಗ್ಗೆ ವಾದ ಮಾಡುವುದಕ್ಕಿಂತ ಮೊದಲೇ ಕೇಳುವುದು ಲೇಸು.

ಮಕ್ಕಳ ಪಟ್ಟಿ ಮಾಡುವಾಗ ತೋಟದ ಲೈನ್ ಮನೆಗಳ, ಅಂದರೆ ಕಾರ್ಮಿಕರ ಸಾಲುಮನೆಗಳ ಮಕ್ಕಳ ಹೆಸರು ಮೊದಲು ಬರೆಯಿರಿ. ಪಟ್ಟಣದ ಮಕ್ಕಳನ್ನು ಕರೆತಂದು ಅಲ್ಲಿನ ಮಕ್ಕಳನ್ನು ಬೇಲಿಯಾಚೆ ನಿಲ್ಲಿಸುವ ಕೂಟ ಊರ ಕೂಟ ಆಗುವುದಿಲ್ಲ. ಅಲ್ಲದೆ ಯಾವ ಮರದಲ್ಲಿ ಕುಟ್ರುಹಕ್ಕಿ ಪೊಟರೆ ಕೊರೆದಿದೆ ಎಂಬುದು ಅವರಿಗೇ ಗೊತ್ತು. ಅವರಲ್ಲಿ ಕೆಲವರಿಗೆ ಮನೆಮಾತು ಕನ್ನಡವಲ್ಲದಿರಬಹುದು; ಪ್ರತಿ ಗುಂಪಿನಲ್ಲಿ ಅಂಥ ಒಬ್ಬರನ್ನು ದಾರಿ ತೋರಿಸುವ ಹೊಣೆಗೆ ಬಿಟ್ಟರೆ ಭಾಷೆಯ ತೊಡಕು ಅರ್ಧ ಗಂಟೆಯಲ್ಲಿ ಕರಗುತ್ತದೆ.

ಮಳೆ ಅಳೆಯುವ ಡಬ್ಬಿ

ಬೆಳೆಗಾರರು ಮಳೆಯನ್ನು ಇಂಚು ಮತ್ತು ಸೆಂಟಿನಲ್ಲಿ ಹೇಳುತ್ತಾರೆ. ನೂರು ಸೆಂಟು ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಒಂದು ಇಂಚು ಇಪ್ಪತ್ತು ಸೆಂಟು ಮಳೆಯಾಯಿತು ಎಂದರೆ ಸುಮಾರು 30 ಮಿಲಿಮೀಟರ್. ಫೆಬ್ರವರಿಯಲ್ಲೇ ಪ್ರತಿ ಮಗುವಿನ ಕೈಯಲ್ಲೂ ಒಂದು ಮಳೆಮಾಪಕ ಮಾಡಿಸಿ. ಬುಡದಿಂದ ಬಾಯಿಯವರೆಗೆ ಒಂದೇ ಅಗಲವಿರುವ, ತಳ ಮಟ್ಟಸವಾಗಿರುವ ಗಾಜಿನ ಅಥವಾ ಪ್ಲಾಸ್ಟಿಕ್ ಡಬ್ಬಿ ಸಾಕು. ಅದನ್ನು ಮರ ಮತ್ತು ಸೂರಿನಿಂದ ದೂರ, ಅಂಗಳದ ನಡುವೆ ಒಂದು ಗೂಟಕ್ಕೆ ನೇರವಾಗಿ ಕಟ್ಟಿ, ಮಳೆ ನಿಂತ ಮೇಲೆ ನೀರಿನ ಆಳವನ್ನು ಸ್ಕೇಲಿನಿಂದ ಅಳೆಯಬೇಕು. ಸೊಂಟ ಕಿರಿದಾದ ನೀರಿನ ಬಾಟಲಿ ತಪ್ಪು ಲೆಕ್ಕ ಕೊಡುತ್ತದೆ. ಏಕೆ ಎಂದು ಮಕ್ಕಳನ್ನೇ ಕೇಳಿ, ಗಣಿತದ ಮೇಷ್ಟ್ರಿಗೆ ಒಂದು ಪಾಠ ಉಳಿಯುತ್ತದೆ.

ಈ ಡಬ್ಬಿ ಆಟದ ಸಾಮಾನಲ್ಲ, ಕೂಟದ ದಿನವನ್ನು ಗೊತ್ತುಮಾಡುವುದೇ ಇದು. ಒಂದು ಇಂಚಿನಷ್ಟಾದರೂ ಬಿದ್ದರೆ ಹೂ ಒಟ್ಟಿಗೆ ಚೆನ್ನಾಗಿ ಬರುತ್ತದೆ. ಇಪ್ಪತ್ತು ಮೂವತ್ತು ಸೆಂಟು ಬಿದ್ದು ನಿಂತರೆ ಮೊಗ್ಗು ಅರ್ಧ ಎಚ್ಚೆತ್ತು ಸರಿಯಾಗಿ ಅರಳದೆ ಹಾಳಾಗುವುದುಂಟು. ಅಂಥ ಮಳೆಯ ರಾತ್ರಿ ಬೆಳೆಗಾರರ ಮನೆಯಲ್ಲಿ ಯಾರೂ ನಗುವುದಿಲ್ಲ. ಗುಡ್ಡದ ಈಚೆ ಒಂದು ಇಂಚು ಸುರಿದಾಗ ಆಚೆ ಹನಿಯೂ ಬೀಳದಿರಬಹುದು ಎಂಬುದನ್ನು ಬೇರೆ ಬೇರೆ ಹಳ್ಳಿಯ ಮಕ್ಕಳ ಡಬ್ಬಿಗಳ ಲೆಕ್ಕವನ್ನು ಒಂದೇ ನಕ್ಷೆಯಲ್ಲಿ ಬರೆದಾಗ ಅವರು ತಾವೇ ಕಾಣುತ್ತಾರೆ.

ಮಳೆ ಬಿದ್ದ ಮೇಲೆ

ಮಳೆ ಬಿದ್ದ ಮರುದಿನವೇ ಎಣಿಕೆ ಆರಂಭಿಸಿ, ಪೋಷಕರ ವಾಟ್ಸ್‌ಆಪ್ ಗುಂಪಿಗೆ ಸಂಭವನೀಯ ಎರಡು ದಿನಗಳನ್ನು ತಿಳಿಸಿ. ಹೂ ಭಾನುವಾರಕ್ಕೇ ಕಾಯುವುದಿಲ್ಲವಾದ್ದರಿಂದ, ವಾರದ ನಡುವೆ ಬಂದರೆ ಶಾಲೆಗೆ ತಡವಾಗಿ ಬರುವ ಅನುಮತಿಯನ್ನು ಮೊದಲೇ ಕೇಳಿರಬೇಕು. ಐದನೆಯ ದಿನ ರೈಟರ್‌ಗೆ ಫೋನ್ ಮಾಡಿ, ಮೊಗ್ಗು ಬೆಳ್ಳಗಾಗಿದೆಯೇ ಎಂದು ಕೇಳಿ. ಬೆಳ್ಳಗಾಗಿ ಉದ್ದವಾಗಿದ್ದರೆ ಅರಳಲು ಇನ್ನು ಹೆಚ್ಚು ದಿನವಿಲ್ಲ.

ವಾಹನದ ವಿಷಯದಲ್ಲಿ ರಾಜಿ ಬೇಡ. ಊರಿನಲ್ಲಿ ಸುಲಭವಾಗಿ ಸಿಗುವುದು ಪಿಕಪ್, ಮಕ್ಕಳಿಗೂ ಅದರ ಹಿಂಬದಿಯೇ ಇಷ್ಟ. ಆದರೆ ಸರಕು ವಾಹನದಲ್ಲಿ ಜನರನ್ನು ಸಾಗಿಸುವುದು ಕಾನೂನಿಗೂ ವಿರುದ್ಧ, ಘಟ್ಟದ ತಿರುವುಗಳಲ್ಲಿ ಪ್ರಾಣಕ್ಕೂ ಅಪಾಯ. ಶಾಲೆಯ ಬಸ್ಸು ಅಥವಾ ಪೋಷಕರ ಕಾರುಗಳು ಸಾಕಾಗದಿದ್ದರೆ ನಡೆದು ಹೋಗಬಹುದಾದ ಹತ್ತಿರದ ತೋಟವನ್ನು ಆರಿಸಿ. ಆರೇಳು ಮಕ್ಕಳಿಗೆ ಒಬ್ಬ ದೊಡ್ಡವರಿರಬೇಕು, ಅವರ ಕೈಯಲ್ಲಿ ಆ ಮಕ್ಕಳ ಹೆಸರಿನ ಚೀಟಿ ಇರಬೇಕು.

ಜೇನು, ಉಣುಗು, ಆನೆ

ಹೂವಿನ ತೋಟಕ್ಕೆ ಮೊದಲ ಅತಿಥಿ ಜೇನು. ಹೆಜ್ಜೇನು, ತುಡುವೆ, ಕೋಲ್ಜೇನು, ಮುಜಂಟಿ ನಾಲ್ಕೂ ಬರುತ್ತವೆ. ಹೂವಿನ ಮೇಲೆ ದುಡಿಯುತ್ತಿರುವಾಗ ಇವು ಯಾರ ತಂಟೆಗೂ ಹೋಗುವುದಿಲ್ಲ. ಅಪಾಯವಿರುವುದು ಎತ್ತರದ ಮರದಲ್ಲಿ ಕಟ್ಟಿದ ಹೆಜ್ಜೇನಿನ ಹುಟ್ಟಿನ ಹತ್ತಿರ. ಆ ಮರದ ಕೆಳಗಿನ ದಾರಿಯನ್ನು ಬಿಟ್ಟುಬಿಡಿ. ಸೆಂಟು, ಘಮಘಮಿಸುವ ತಲೆಯೆಣ್ಣೆ ಬೇಡ. ಹೊಗೆ, ಕಲ್ಲೆಸೆತ, ಕೂಗಾಟ ಬೇಡ. ಒಮ್ಮೆ ಒಬ್ಬರು ಡ್ರೋನ್ ಹಾರಿಸಿ ವಿಡಿಯೊ ಮಾಡಬಯಸಿದ್ದರು. ಮೇಸ್ತ್ರಿ ತಡೆಯದಿದ್ದರೆ ಅಂದು ಏನಾಗುತ್ತಿತ್ತೋ ಎಂದು ಈಗಲೂ ಅನ್ನಿಸುತ್ತದೆ. ಜೇನು ಎದ್ದರೆ ಕೈ ಬೀಸದೆ, ಮುಖ ಮುಚ್ಚಿಕೊಂಡು ಓಡಿ ಮನೆ ಅಥವಾ ವಾಹನದೊಳಗೆ ಸೇರಿ ಬಾಗಿಲು ಹಾಕಿಕೊಳ್ಳಬೇಕು. ಕೊಂಡಿಯನ್ನು ತಡಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ತುಟಿ ಊದಿದರೆ, ಉಸಿರು ಕಟ್ಟಿದರೆ, ಮಗು ಸುಸ್ತಾಗಿ ಕುಸಿದರೆ ಮನೆಮದ್ದಿಗೆ ನಿಲ್ಲದೆ ಆಸ್ಪತ್ರೆಗೆ ಹೊರಡಬೇಕು. 108ಕ್ಕೆ ಕರೆ ಮಾಡುವವರು ಯಾರು ಎಂಬುದೂ ಮೊದಲೇ ಗೊತ್ತಾಗಿರಲಿ.

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳಲ್ಲಿ ಕೂಟ ನಡೆಸುವವರು ಮಂಗನ ಕಾಯಿಲೆಯನ್ನು ಮರೆಯುವಂತಿಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಈ ರೋಗ ಉಣುಗಿನ ಕಡಿತದಿಂದ ಹರಡುತ್ತದೆ, ಮತ್ತು ಅದರ ಹಾವಳಿ ಹೆಚ್ಚುವುದು ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ, ಅಂದರೆ ನಮ್ಮ ಹೂವಿನ ಕಾಲದಲ್ಲೇ. ಹೊರಡುವ ಮುನ್ನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರಲ್ಲಿ ಆ ಭಾಗದ ಪರಿಸ್ಥಿತಿ ವಿಚಾರಿಸಿ. ಪ್ರಕರಣಗಳು ಕಂಡುಬಂದಿದ್ದರೆ ಅಥವಾ ಮಂಗಗಳು ಸತ್ತ ಸುದ್ದಿಯಿದ್ದರೆ ಜಾಗ ಬದಲಿಸಿ. ಇಲ್ಲದಿದ್ದರೂ ತುಂಬು ತೋಳು, ಉದ್ದ ಪ್ಯಾಂಟು, ಅದರ ತುದಿಯನ್ನು ಒಳಗೆ ಸೇರಿಸಿದ ಕಾಲುಚೀಲ ಇರಲಿ. ದರಗಿನ (ಒಣಗಿ ಬಿದ್ದ ಎಲೆಗಳ) ಮೇಲೆ ಕೂರಬಾರದು. ಮನೆಗೆ ಮರಳಿದೊಡನೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ, ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳಲ್ಲಿ ಉಣುಗಿದೆಯೇ ನೋಡಬೇಕು. ಮುಂದಿನ ಹತ್ತು ದಿನಗಳಲ್ಲಿ ಜ್ವರ, ತಲೆನೋವು, ಮೈಕೈ ನೋವು ಬಂದರೆ ವೈದ್ಯರಿಗೆ ತೋಟಕ್ಕೆ ಹೋಗಿದ್ದನ್ನು ತಪ್ಪದೆ ಹೇಳಿ.

ಮೂಡಿಗೆರೆ, ಬೇಲೂರು, ಸಕಲೇಶಪುರದ ಕಡೆ ಆನೆಗಳು ತೋಟದಲ್ಲೇ ಹಗಲು ಕಳೆಯುವುದುಂಟು. ಹಿಂದಿನ ಸಂಜೆ ಮತ್ತು ಅಂದಿನ ಬೆಳಿಗ್ಗೆ ಅರಣ್ಯ ಇಲಾಖೆಯ ಸ್ಥಳೀಯ ಸಿಬ್ಬಂದಿಯನ್ನು ವಿಚಾರಿಸಿ. ಆನೆ ಹತ್ತಿರದಲ್ಲಿದೆ ಎಂದರೆ ಕೂಟ ರದ್ದು, ಅದರಲ್ಲಿ ಚರ್ಚೆಯಿಲ್ಲ.

ಹೂವಿನ ಬೆಳಿಗ್ಗೆ

ಆರೂವರೆಗೆ ಸೇರಿ, ಏಳರ ಹೊತ್ತಿಗೆ ನಡಿಗೆ ಆರಂಭಿಸಿ. ಮಲ್ಲಿಗೆಯನ್ನು ನೆನಪಿಸುವ ಆ ಪರಿಮಳ ತೋಟ ಕಣ್ಣಿಗೆ ಬೀಳುವ ಮುನ್ನವೇ ರಸ್ತೆಗೆ ಬರುತ್ತದೆ. ಮೊದಲ ಹತ್ತು ನಿಮಿಷ ಯಾರೂ ವಿವರಿಸಬಾರದು ಎಂಬುದು ನನ್ನ ಒಂದೇ ಹಟ. ಮಕ್ಕಳು ಸುಮ್ಮನೆ ನಡೆಯಲಿ. ಜೇನಿನ ಮೊರೆತ ದೂರದ ಯಂತ್ರದ ಸದ್ದಿನಂತೆ ಕೇಳುತ್ತದೆ. ಅದು ಜೇನು ಎಂದು ಮಕ್ಕಳೇ ಕಂಡುಹಿಡಿಯಲಿ.

ಆಮೇಲೆ ಕೆಲಸ ಕೊಡಿ. ಕೊಂಬೆ ಮುಟ್ಟದೆ, ನೆಲಕ್ಕೆ ಉದುರಿದ ಹೂವನ್ನು ಎತ್ತಿಕೊಂಡು ಎಸಳು ಎಣಿಸಲಿ. ಅರೇಬಿಕಾಕ್ಕೆ ಸಾಮಾನ್ಯವಾಗಿ ಐದು ಎಸಳು. ರೋಬಸ್ಟಾದಲ್ಲಿ ಆರು, ಏಳೂ ಸಿಗುತ್ತವೆ. ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು, ರೋಬಸ್ಟಾಕ್ಕೆ ಮಾತ್ರ ಬೇರೆ ಗಿಡದ ಪರಾಗವೇ ಬೇಕು. ಗಾಳಿಯೂ ಜೇನೂ ಅದನ್ನು ತಂದುಕೊಡುತ್ತವೆ. ಒಂದು ಗೊಂಚಲಿಗೆ ಐದು ನಿಮಿಷದಲ್ಲಿ ಎಷ್ಟು ಜೇನು ಬಂದವು, ಯಾವ ಬಗೆಯವು ಎಂದು ಒಬ್ಬರು ಎಣಿಸಿ ಇನ್ನೊಬ್ಬರು ಬರೆದುಕೊಳ್ಳಲಿ. ತಲೆಯೆತ್ತಿ ನೆರಳಿನ ಮರಗಳನ್ನೂ ನೋಡಬೇಕು: ಕೆಂಪು ಹೂವಿನ ಹಾಲವಾಣ, ಸಿಲ್ವರ್ ಓಕಿಗೆ ಹಬ್ಬಿದ ಮೆಣಸಿನ ಬಳ್ಳಿ, ಎಳೆಗಾಯಿ ಬಿಟ್ಟ ಹಲಸು, ಅತ್ತಿ. ಹಾಲವಾಣದ ಹೂವಿಗೆ ಸೂರಕ್ಕಿ, ಪಿಕಳಾರ, ಕಾಜಾಣ ಬರುವುದನ್ನು ಕಾದು ನೋಡಲು ಅರ್ಧ ಗಂಟೆ ಕೊಟ್ಟರೂ ಕಡಿಮೆಯೇ.

ಒಂಬತ್ತಕ್ಕೆ ಎಲ್ಲರೂ ಕಾಫಿ ಒಣಗಿಸುವ ಕಣಕ್ಕೆ ಬರಲಿ. ಅಗಲವಾದ, ಮಟ್ಟಸವಾದ, ಮೇಲೆ ಮರವಿಲ್ಲದ ಜಾಗ ಅದು. ಅರವತ್ತು ಜನರಿಗೆ ಹನ್ನೆರಡು ಲೀಟರ್ ಪಾನಕ ಸಾಕು: ಒಂದೂವರೆ ಕಿಲೊ ಬೆಲ್ಲ, ಹನ್ನೆರಡು ನಿಂಬೆಹಣ್ಣು, ಏಲಕ್ಕಿ, ಶುಂಠಿ, ಚಿಟಿಕೆ ಕಾಳುಮೆಣಸಿನ ಪುಡಿ. ನೀರು ಕುದಿಸಿ ಆರಿಸಿದ್ದಾಗಿರಲಿ. ಹೆಸರುಬೇಳೆ ಕೋಸಂಬರಿಗೆ ಒಂದೂವರೆ ಕಿಲೊ ಬೇಳೆ ನೆನೆಹಾಕಿ. ಸೌತೆಕಾಯಿ, ಉಪ್ಪನ್ನು ಬಡಿಸುವ ಹೊತ್ತಿಗೇ ಬೆರೆಸಿ, ಮೊದಲೇ ಬೆರೆಸಿದರೆ ನೀರು ಬಿಡುತ್ತದೆ. ಬಾಳೆಲೆಯ ತುಂಡಿನಲ್ಲಿ ಕೊಟ್ಟರೆ ಪ್ಲಾಸ್ಟಿಕ್ ತಟ್ಟೆ ಹೆಕ್ಕುವ ಕೆಲಸ ತಪ್ಪುತ್ತದೆ.

ತಿಂಡಿಯಾದ ಮೇಲೆ ಲಗೋರಿ, ಕುಂಟೆಬಿಲ್ಲೆ. ನೆರಳಿನಲ್ಲಿ ಅಳಗುಳಿಮಣೆಗೆ ಅಜ್ಜಿಯಂದಿರೇ ಗುರುಗಳು. ಒಬ್ಬ ಹಿರಿಯರು ಹತ್ತು ನಿಮಿಷ ಕಾಫಿಯ ಕಥೆ ಹೇಳಲಿ. 17ನೆಯ ಶತಮಾನದಲ್ಲಿ ಬಾಬಾ ಬುಡನ್ ಅವರು ಯೆಮನ್‌ನಿಂದ ಏಳು ಬೀಜ ತಂದು ಈ ಗಿರಿಯಲ್ಲಿ ಬಿತ್ತಿದರೆಂಬ ಐತಿಹ್ಯ, ಬಾಳೆಹೊನ್ನೂರಿನ ಬಳಿ 1925ರಲ್ಲಿ ಆರಂಭವಾದ ಕಾಫಿ ಸಂಶೋಧನಾ ಕೇಂದ್ರ, ತಾವು ಕಂಡ ಒಂದೆರಡು ಹೂ ಮಳೆಗಳು, ಇಷ್ಟು ಸಾಕು. ಭಾಷಣ, ಹಾರ, ವೇದಿಕೆ ಬೇಡ. ಒಮ್ಮೆ ಅತಿಥಿಗಳು ಬರುವುದು ಎರಡು ಗಂಟೆ ತಡವಾಗಿ ಮಕ್ಕಳು ಬಿಸಿಲಲ್ಲಿ ಕಾದದ್ದನ್ನು ಕಂಡ ಮೇಲೆ ನಾವು ಅತಿಥಿಗಳನ್ನು ಕರೆಯುವುದನ್ನೇ ಬಿಟ್ಟೆವು.

ಹೂ ಬಾರದ ವರ್ಷ

ಮಳೆ ಕೈಕೊಟ್ಟು, ಸ್ಪ್ರಿಂಕ್ಲರ್ ತೋಟವೂ ಸಿಗದಿದ್ದರೆ ಸೇರಿಸಿದ ಮಕ್ಕಳನ್ನು ನಿರಾಶೆಗೊಳಿಸಬೇಕಾಗಿಲ್ಲ. ಚಿಕ್ಕಮಗಳೂರಿನಿಂದ ಸುಮಾರು 25 ಕಿಲೊಮೀಟರ್ ದೂರದ ಬೇಲೂರಿಗೆ ಹೊರಡಿ. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಪ್ರತಿಷ್ಠಾಪನೆಯಾದ ಚೆನ್ನಕೇಶವ ದೇವಾಲಯ 2023ರಲ್ಲಿ ಹಳೇಬೀಡು, ಸೋಮನಾಥಪುರಗಳ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದೆ. ಏಪ್ರಿಲ್ 18 ವಿಶ್ವ ಪರಂಪರೆ ದಿನ, ರಜೆಯೂ ಆರಂಭವಾಗಿರುತ್ತದೆ. ಪ್ರತಿ ಮಗುವಿಗೆ ಒಂದು ಪಟ್ಟಿ ಕೊಟ್ಟು, ಕನ್ನಡಿ ಹಿಡಿದ ಮದನಿಕೆ, ಸಾಲು ಆನೆಗಳಲ್ಲಿ ತನಗಿಷ್ಟವಾದ ಒಂದು ಆನೆ, ಬಳ್ಳಿಯ ನಡುವಿನ ಹಕ್ಕಿ ಇವನ್ನು ಹುಡುಕಿ ಪೆನ್ಸಿಲಿನಲ್ಲಿ ಬರೆಯಲು ಹೇಳಿ. ಬಳಪದ ಕಲ್ಲು ಕೆತ್ತುವಾಗ ಮೆದು ಎಂಬುದನ್ನು ವಿವರಿಸಲು ಒಂದು ಬಳಪದ ಚೂರು ಜೇಬಿನಲ್ಲಿರಲಿ. ಹತ್ತು ಗಂಟೆ ದಾಟಿದರೆ ಅಂಗಳದ ಕಲ್ಲು ಬರಿಗಾಲನ್ನು ಸುಡುತ್ತದೆ. ದಪ್ಪ ಕಾಲುಚೀಲ ತರಲು ಹೇಳುವುದನ್ನು ಮರೆಯಬೇಡಿ. ಚೈತ್ರದ ರಥೋತ್ಸವದ ದಿನಗಳಲ್ಲಿ ಜನಜಂಗುಳಿ ಬಹಳ. ಅಂದು ಮನೆಯವರೊಂದಿಗೆ ಹೋಗುವುದು ಚೆಂದ, ಶಾಲೆಯ ಗುಂಪಿಗೆ ಬೇಡ. ಮುಳ್ಳಯ್ಯನಗಿರಿಯ ಕಡೆಗೆ ಹೋಗೋಣ ಎಂಬ ಸಲಹೆ ಪ್ರತಿವರ್ಷ ಬರುತ್ತದೆ. ಬೇಸಿಗೆಯ ಒಣ ಹುಲ್ಲಿಗೆ ಬೆಂಕಿ ಬೀಳುವ ಕಾಲದಲ್ಲಿ ಮಕ್ಕಳ ದೊಡ್ಡ ಗುಂಪಿನೊಂದಿಗೆ ಅಲ್ಲಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ದಾರ ಕಟ್ಟಿದ ಕೊಂಬೆ

ಹೊರಡುವ ಮುನ್ನ ಒಂದು ಕೆಲಸ ಬಾಕಿಯಿರುತ್ತದೆ. ಯಜಮಾನರ ಒಪ್ಪಿಗೆ ಪಡೆದು, ರಸ್ತೆಯಂಚಿನ ಗಿಡಗಳಲ್ಲಿ ಪ್ರತಿ ಗುಂಪಿಗೆ ಒಂದೊಂದು ಕೊಂಬೆ ಗೊತ್ತುಮಾಡಿ, ಅದಕ್ಕೆ ಬಣ್ಣದ ನೂಲನ್ನು ಸಡಿಲವಾಗಿ ಕಟ್ಟಿಸಿ. ಕೊಂಬೆಯಲ್ಲಿ ಎಷ್ಟು ಗೆಣ್ಣು, ಒಂದು ಗೆಣ್ಣಿನಲ್ಲಿ ಅಂದಾಜು ಎಷ್ಟು ಹೂ ಎಂದು ಎಣಿಸಿ, ಮಳೆಯ ದಿನಾಂಕ ಮತ್ತು ಸೆಂಟಿನ ಲೆಕ್ಕದೊಂದಿಗೆ ಒಂದು ನೋಟ್‌ಬುಕ್ಕಿನಲ್ಲಿ ಬರೆಯಲಿ. ಹೂವಾದ ಮೂರು ವಾರದೊಳಗೆ ಇನ್ನೊಂದು ಮಳೆ ಬಂದರೆ ಅದನ್ನೂ ಸೇರಿಸಬೇಕು. ಕಾಯಿ ನಿಲ್ಲಲು ಆ ಎರಡನೆಯ ಮಳೆಯೂ ಬೇಕು. ಅರೇಬಿಕಾ ಹಣ್ಣಾಗಲು ಎಂಟು-ಒಂಬತ್ತು ತಿಂಗಳು, ರೋಬಸ್ಟಾಕ್ಕೆ ಹತ್ತು-ಹನ್ನೊಂದು ತಿಂಗಳು. ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ, ಕೊಯ್ಲಿನವರು ಆ ಸಾಲಿಗೆ ಬರುವ ಮುನ್ನ, ಅದೇ ಮಕ್ಕಳು ಬಂದು ಅದೇ ಕೊಂಬೆಯ ಹಣ್ಣು ಎಣಿಸಬೇಕು. ಆ ದಿನಕ್ಕೆ ದೊಡ್ಡ ಸಿದ್ಧತೆ ಬೇಡ, ರೈಟರ್‌ಗೆ ಒಂದು ಫೋನ್ ಸಾಕು. ನೋಟ್‌ಬುಕ್ಕನ್ನು ಮಾತ್ರ ಮಕ್ಕಳ ಚೀಲದಲ್ಲಿ ಬಿಡಬೇಡಿ, ಜೂನ್ ಹೊತ್ತಿಗೆ ಕಾಣೆಯಾಗುತ್ತದೆ. ಊರ ಗ್ರಂಥಾಲಯದ ಕಪಾಟಿನಲ್ಲೋ ತೋಟದ ಕಚೇರಿಯಲ್ಲೋ ಇಡಿ, ಮತ್ತು ನೂಲಿನ ಬಣ್ಣ ಮಳೆಗಾಲದಲ್ಲಿ ಮಾಸುವುದರಿಂದ ಪ್ರತಿ ಕೊಂಬೆ ರಸ್ತೆಯ ತಿರುವಿನಿಂದ ಎಷ್ಟನೆಯ ಗಿಡದಲ್ಲಿದೆ ಎಂಬುದನ್ನೂ ಅದರಲ್ಲಿ ಬರೆದಿಡಿ.